ಸಣ್ಣ ಚಿತ್ರದಲ್ಲಿ ಕಂಡ ಗಂಟು

ಹುಣಸೆಹಣ್ಣು ಕುಟ್ಟುವ ಸದ್ದು ಕೇಳಿಯೇ ಕುಟ್ಟುತ್ತಿರುವವಳು ಯಾರೆಂದು ಪುಟ್ಟಕ್ಕ ಹೇಳುತ್ತಿದ್ದಳು. ಅಡುಗೆಮನೆಯಲ್ಲಿ ಕೂತು ಸೊಪ್ಪು ಸೋಸುತ್ತಿದ್ದರೂ ಅವಳ ಕಿವಿ ಅಂಗಳದಲ್ಲಿರುತ್ತಿತ್ತು. ಒಬ್ಬಳ ಪೆಟ್ಟು ಬಿರುಸು, ಬೀಜ ಒಡೆಯುತ್ತದೆ. ಇನ್ನೊಬ್ಬಳದು ಮೆತ್ತಗೆ, ಓಡು ಅರ್ಧ ಉಳಿಯುತ್ತದೆ. ಮಂಜಮ್ಮನದು ಮಾತ್ರ ಬಿರುಸೂ ಅಲ್ಲ, ಮೆತ್ತಗೂ ಅಲ್ಲ. ಒಂದು ಹಣ್ಣಿಗೆ ಒಂದೇ ಪೆಟ್ಟು, ಬೀಜ ಇಡಿಯಾಗಿ ಆಚೆ, ನಾರು ಒಂದೇ ಎಳೆಯಲ್ಲಿ ಆಚೆ.

ಕೊಡಿಗೇನಹಳ್ಳಿಯಿಂದ ಒಳಗೆ ಹೋಗುವ ಮಣ್ಣುದಾರಿಯ ಊರು ಅದು. ಪುಟ್ಟಕ್ಕನ ಗಂಡ ಓಬಳಯ್ಯ ಮರದ ಮೇಲೆ ಕಾಯಿ ಇರುವಾಗಲೇ ಗುತ್ತಿಗೆ ಹಿಡಿದು, ಹಣ್ಣಾದ ಮೇಲೆ ಉದುರಿಸಿ ಮನೆ ಮುಂದಿನ ಅಂಗಳದಲ್ಲಿ ರಾಶಿ ಹಾಕಿಸುತ್ತಿದ್ದ. ಅವನು ಹೋದ ಮೇಲೆ ಅಂಗಳ ಪುಟ್ಟಕ್ಕನ ಕೈಗೆ ಬಂತು. ಮಗ ನರಸಿಂಹರಾಜು ಟೆಂಪೋ ಇಟ್ಟುಕೊಂಡು ಹಣ್ಣನ್ನು ಹಿಂದೂಪುರದ ಮಂಡಿಗೆ ಸಾಗಿಸುತ್ತಿದ್ದ. ಸೊಸೆ ಲೋಹಿತಾ ಮನೆ ನೋಡಿಕೊಳ್ಳುತ್ತಿದ್ದಳು. ಸಂಕ್ರಾಂತಿ ಕಳೆದರೆ ಊರಿನ ಹೆಂಗಸರು ತಮ್ಮ ತಮ್ಮ ಕಬ್ಬಿಣದ ತುಂಡು ಹಿಡಿದು ಬರುತ್ತಿದ್ದರು. ಕೂರಲು ಒಂದೊಂದು ಗೋಣಿ, ಕುಟ್ಟಲು ಒಂದೊಂದು ಕಲ್ಲು. ಮಂಜಮ್ಮನ ಕಲ್ಲು ಬೇವಿನ ಮರದ ಬುಡದಲ್ಲಿ, ಪುಟ್ಟಕ್ಕನ ಪಕ್ಕಕ್ಕೆ. ಇಬ್ಬರೂ ಒಂದೇ ವರ್ಷ ಆ ಊರಿಗೆ ಮದುವೆಯಾಗಿ ಬಂದವರು. ಸಂಜೆ ಎಲ್ಲರೂ ಎದ್ದು ಹೋದ ಮೇಲೆ ಕುಟ್ಟಿದ ಹಣ್ಣನ್ನು ಉಗ್ರಾಣಕ್ಕೆ ಸೇರಿಸಿ, ಬೀಗ ಹಾಕಿ, ಬೀಗದ ಕೈಯನ್ನು ಲೋಹಿತಾಳಿಗೆ ಕೊಟ್ಟು ಹೋಗುವುದು ಮಂಜಮ್ಮನ ಕೆಲಸ.

ಪುಟ್ಟಕ್ಕನಿಗೆ ಯಾರಿಗೂ ಹೇಳದ ಒಂದು ಕಷ್ಟ ಶುರುವಾಗಿತ್ತು. ಕೆಮ್ಮಿದರೆ, ಜೋರಾಗಿ ನಕ್ಕರೆ, ಒಂದು ಮೂಟೆ ಎತ್ತಲು ಹೋದರೆ ಸೀರೆ ತೊಯ್ದು ಹೋಗುತ್ತಿತ್ತು. ಡಾಕ್ಟರ ಹತ್ತಿರ ಹೋಗಬೇಕೆಂದರೆ ಮಗನಿಗೆ ಹೇಳಬೇಕು. ಮಗನಿಗೆ ಇದನ್ನು ಹೇಳುವುದು ಹೆಂಗೆ? ಅವಳು ಬೇರೆ ಸೀರೆ ಉಟ್ಟುಕೊಂಡು, ತೊಯ್ದದ್ದನ್ನು ಮುದುರಿ ಉಗ್ರಾಣದ ಮೂಲೆಯಲ್ಲಿ ಖಾಲಿ ಚೀಲಗಳ ಹಿಂದೆ ತುರುಕುತ್ತಿದ್ದಳು. ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಒಗೆದುಕೊಂಡರಾಯಿತು ಎಂಬುದು ಅವಳ ಲೆಕ್ಕ.

ಒಂದು ದಿನ ಒಗೆಯಲೆಂದು ಹೋಗಿ ನೋಡಿದರೆ ಸೀರೆ ಅದೇ ಜಾಗದಲ್ಲಿ ಒಗೆದು, ಒಣಗಿಸಿ, ಮಡಚಿ ಇಟ್ಟಿತ್ತು. ಪುಟ್ಟಕ್ಕ ಅದನ್ನು ಸೆರಗಿನಡಿ ಮುಚ್ಚಿಕೊಂಡಳು. ಒಳಗೆ ಬಂದು ಸೊಸೆಯ ಮುಖ ನೋಡಿದಳು. ಲೋಹಿತಾ ಏನೂ ಆಗದವಳಂತೆ ರೊಟ್ಟಿ ತಟ್ಟುತ್ತಿದ್ದಳು. ಇದು ಇವಳದೇ ಕೆಲಸ, ನನ್ನ ಮಾನ ಹೋಗದಿರಲಿ ಎಂದು ಬಾಯಿ ಬಿಡುತ್ತಿಲ್ಲ ಎಂದುಕೊಂಡಳು ಪುಟ್ಟಕ್ಕ. ಆಮೇಲೂ ಹಾಗೆಯೇ ಆಯಿತು. ಬಚ್ಚಿಟ್ಟ ಸೀರೆ ಎರಡು ದಿನದೊಳಗೆ ಮಡಚಿಕೊಂಡು ಕೂತಿರುತ್ತಿತ್ತು. ಅಂದಿನಿಂದ ಅವಳು ಸೊಸೆಯ ಸಾರಿಗೆ ಉಪ್ಪು ಹೆಚ್ಚಾಯಿತು ಎಂದು ಒಮ್ಮೆಯೂ ಅನ್ನಲಿಲ್ಲ.

ಆ ವರ್ಷ ಪಕ್ಕದ ಊರಿನಲ್ಲಿ ಯಾರದೋ ಅಂಗಳದಿಂದ ಹಣ್ಣಿನ ಮೂಟೆ ಹೋಯಿತು. ನರಸಿಂಹರಾಜು ಹೆದರಿ ಮಧುಗಿರಿಯಿಂದ ಕ್ಯಾಮೆರಾ ಕೂರಿಸುವ ಪ್ರಸನ್ನ ಕುಮಾರನನ್ನು ಕರೆಸಿದ. ಒಂದು ಕ್ಯಾಮೆರಾ ದಾರಿಗೆ ಮುಖ ಮಾಡಿತು, ಇನ್ನೊಂದು ಅಂಗಳ ಮತ್ತು ಉಗ್ರಾಣದ ಬಾಗಿಲಿಗೆ. ನಡುಮನೆಯ ಗೂಡಿನಲ್ಲಿ ಒಂದು ಕಪ್ಪು ಪೆಟ್ಟಿಗೆ ಕೂತಿತು. ಪುಟ್ಟಕ್ಕನ ಕೈಗೆ ಮಗ ಹಳೆಯ ಫೋನೊಂದನ್ನು ಕೊಟ್ಟು, ಎಲ್ಲಿ ಒತ್ತಿದರೆ ಅಂಗಳ ಕಾಣುತ್ತದೆಂದು ತೋರಿಸಿದ.

ಮೊದಲ ವಾರವೇ ಪುಟ್ಟಕ್ಕ ಪ್ರಸನ್ನನಿಗೆ ಫೋನ್ ಮಾಡಿಸಿದಳು. "ಏನಪ್ಪಾ ನಿನ್ ಕ್ಯಾಮೆರಾ, ಗಾಣದೆತ್ತಿನಂಗೆ ಸುತ್ತುತಾನೇ ಐತೆ. ಒಬ್ಳು ಎದ್ದು ನಿಂತ್ಕಂಡ್ರೆ ನಿಂತೇ ಇರ್ತಾಳೆ, ಅಡುಗೆ ಮಾಡಿ ಬಂದ್ರೂ ಅಂಗೇ ನಿಂತವ್ಳೆ."

ಪ್ರಸನ್ನ ಬಂದು ಕೂತು ತಾಳ್ಮೆಯಿಂದ ಬಿಡಿಸಿ ಹೇಳಿದ. "ನೋಡಮ್ಮ, ಈ ಕ್ಯಾಮೆರಾ ಒಂದೇ ಸಲಕ್ಕೆ ಎರಡು ಚಿತ್ರ ಕಳುಸ್ತದೆ. ದೊಡ್ಡದು ಮೇನ್ ಸ್ಟ್ರೀಮ್ ಅಂತ, ಅದು ತಂತೀಲಿ ಹೋಗಿ ಆ ಪೆಟ್ಗೇಲಿ ಕೂತ್ಕತದೆ. ಅದ್ರಲ್ಲಿ ಇರುವೆ ಹರಿದ್ರೂ ಕಾಣ್ತದೆ. ಸಣ್ಣದು ಸಬ್ ಸ್ಟ್ರೀಮ್ ಅಂತ, ಅದು ಗಾಳೀಲಿ ನಿಮ್ಮ ಫೋನಿಗೆ ಬರ್ತದೆ. ನಿಮ್ಮೂರ ನೆಟ್ಟು ಮೊದ್ಲೇ ಸಣ್ಣ ಪೈಪು. ಅದ್ರಲ್ಲಿ ಮೊಮ್ಮಗಳು ಪಾಠ ನೋಡ್ತಾಳೆ, ನಿಮ್ಮ ಮಗ ಅದೇನೋ ನೋಡ್ತಾನೆ. ಆ ಪೈಪಲ್ಲಿ ದೊಡ್ಡದನ್ನ ತೂರಿಸಕ್ಕಾಗಲ್ಲ, ಅದಕ್ಕೆ ಸಣ್ಣದು."

"ಸಣ್ಣದೂ ಸುತ್ತುತದಲ್ಲಪ್ಪ?"

"ಇನ್ನೂ ಸಣ್ಣದು ಮಾಡ್ಬೋದು. ಆದ್ರೆ ಮೊಖ ತಿಳಿಯಲ್ಲ ಕಣಮ್ಮ. ಬೊಂಬೆ ಬೊಂಬೆ ಇದ್ದಂಗೆ ಕಾಣ್ತರೆ."

"ಮೊಖ ಕಟ್ಕಂಡು ನಂಗೇನು? ನಮ್ಮೋರ ನಡಿಗೆ ನಂಗೆ ಗೊತ್ತಿಲ್ವ. ನೀನು ಓಡೋ ಹಂಗೆ ಮಾಡು, ಸಾಕು."

ಅವನು ಫೋನಿನ ಚಿತ್ರವನ್ನು ಇನ್ನಷ್ಟು ಕುಗ್ಗಿಸಿ ಹೋದ. ಚಿತ್ರ ನಿಲ್ಲದೆ ಓಡತೊಡಗಿತು. ಕಲಸಿದ ಬಣ್ಣದ ಹಾಗಿದ್ದರೂ ಪುಟ್ಟಕ್ಕ ಅದರಲ್ಲಿ ಪ್ರತಿಯೊಬ್ಬಳನ್ನೂ ಗುರುತಿಸುತ್ತಿದ್ದಳು. ಇದು ಅವಳಿಗೆ ಹೆಮ್ಮೆಯ ವಿಷಯವಾಯಿತು. ಅಂಗಳದಲ್ಲಿ ಕೂತವರಿಗೆ ತಮಾಷೆಯಾಯಿತು. "ಪುಟ್ಟಕ್ಕ ಮನೇಲಿ ಕೂತ್ಕಂಡೇ ನಮ್ಮ ಸೊಂಟ ಎಣಿಸ್ತಾಳೆ, ಬೆನ್ನು ಬಗ್ಗಿಸ್ರೇ" ಎಂದು ಮಂಜಮ್ಮ ಕ್ಯಾಮೆರಾದ ಕಡೆ ಕೈಮುಗಿದು ನಗಿಸುತ್ತಿದ್ದಳು.

ಶಿವರಾತ್ರಿ ಆದ ಮೇಲೆ ಕೊರಟಗೆರೆಯಲ್ಲಿ ಪುಟ್ಟಕ್ಕನ ತಂಗಿ ಕೆಂಚಮ್ಮನ ಮೊಮ್ಮಗುವಿಗೆ ಹೆಸರಿಡುವ ಶಾಸ್ತ್ರವಿತ್ತು. ಪುಟ್ಟಕ್ಕ ಮೊಮ್ಮಗಳು ಮಧುಶ್ರೀಯನ್ನು ಕರೆದುಕೊಂಡು ಹೊರಟಳು. ಹೊರಡುವ ಗಡಿಬಿಡಿಯಲ್ಲಿ ಚೀಲ ಎತ್ತಿ, ಸೀರೆ ತೊಯ್ದು, ಬಸ್ಸು ತಪ್ಪೀತೆಂದು ಅದನ್ನು ಚೀಲಗಳ ಹಿಂದೆ ತುರುಕಿ ಓಡಿದ್ದಳು. ಲೋಹಿತಾ ಮನೆಯಲ್ಲೇ ಉಳಿದಿದ್ದಳು. ಒಗೆದಿಟ್ಟಿರುತ್ತಾಳೆ ಎಂದು ಪುಟ್ಟಕ್ಕನಿಗೆ ಧೈರ್ಯ.

ಮಧ್ಯಾಹ್ನ ಊಟಕ್ಕೆ ಕೂತಾಗ ಹಿಂದೂಪುರದಿಂದ ಮಗನ ಫೋನ್ ಬಂತು. ಮೂಟೆಗಳ ತೂಕ ಮನೆಯಲ್ಲಿ ತೂಗಿದ್ದಕ್ಕಿಂತ ಕಡಿಮೆ ಬಂದಿದೆ ಎಂದ. ಬಿಸಿಲಿಗೆ ಹಣ್ಣು ಒಣಗಿ ಹಗುರಾಗುವುದು ಪುಟ್ಟಕ್ಕ ಪ್ರತಿ ವರ್ಷ ಕಂಡದ್ದೇ. ಅದನ್ನೇ ಮಗನಿಗೆ ಹೇಳಿ ಫೋನ್ ಇಟ್ಟಳು. ಆದರೆ ಮನಸ್ಸಿನಲ್ಲಿ ಒಂದು ಮುಳ್ಳು ಉಳಿಯಿತು.

ಸಂಜೆ ಜಗಲಿಯ ಮೇಲೆ ಕೂತು ಮಧುಶ್ರೀಯ ಕೈಯಲ್ಲಿ ಅಂಗಳ ತೆಗೆಸಿದಳು. ಹೆಂಗಸರು ಎದ್ದು ಸೆರಗು ಕೊಡವಿ ಹೋಗುತ್ತಿದ್ದರು. ಮಂಜಮ್ಮ ಉಗ್ರಾಣದೊಳಗೆ ಹೋದಳು. ಹೊರಗೆ ಬಂದಾಗ ಎಡಗಂಕುಳಲ್ಲಿ ಒಂದು ಕಪ್ಪು ಗಂಟು. ಅದರ ಮೇಲೆ ಸೆರಗು ಎಳೆದುಕೊಂಡಳು. ಮನೆಯ ಬಾಗಿಲ ಕಡೆ ಒಮ್ಮೆ, ದಾರಿಯ ಕಡೆ ಒಮ್ಮೆ ನೋಡಿದಳು. ಬೀಗ ಹಾಕಿ, ಮನೆಯ ಬಾಗಿಲಲ್ಲಿ ಕೈ ಮಾತ್ರ ಒಳಗೆ ಚಾಚಿ ಬೀಗದ ಕೈ ಕೊಟ್ಟು, ಬೇಗ ಬೇಗ ನಡೆದು ಹೋದಳು.

"ಅಜ್ಜಿ, ಅದ್ಯಾರು?" ಎಂದಳು ಮಧುಶ್ರೀ.

ಪುಟ್ಟಕ್ಕ ಫೋನನ್ನು ಕಣ್ಣ ಹತ್ತಿರ ತಂದಳು. ನಡಿಗೆ ಮಂಜಮ್ಮನದು. ಅದರಲ್ಲಿ ಸಂಶಯವಿರಲಿಲ್ಲ.

ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೇ ಬಂದು ಮನೆಯೊಳಕ್ಕೂ ಹೋಗದೆ ಅಂಗಳದಲ್ಲಿ ನಿಂತಳು. ಎಲ್ಲರೂ ಕೂತು ಕುಟ್ಟುತ್ತಿದ್ದರು.

"ಮಂಜೀ, ನೆನ್ನೆ ಉಗ್ರಾಣದಿಂದ ಏನು ತಗಂಡೋದೆ?"

ಕುಟ್ಟುವ ಸದ್ದು ನಿಂತಿತು. ಮಂಜಮ್ಮ ತಲೆ ಎತ್ತಿ ಪುಟ್ಟಕ್ಕನ ಮುಖ ನೋಡಿದಳು, ಆಮೇಲೆ ಸುತ್ತ ಕೂತಿದ್ದವರನ್ನು ನೋಡಿದಳು.

"ನಿನ್ನ ಹಣ್ಣು ನಾನು ಮುಟ್ಟಿಲ್ಲ ಕಣಕ್ಕ."

"ಗಂಟಲ್ಲಿ ಏನಿತ್ತು ಅಂತ ಕೇಳ್ದೆ."

"ಒಳಗೆ ಬಾ, ಹೇಳ್ತೀನಿ."

"ಒಳಗ್ಯಾಕೆ? ಇಲ್ಲೇ ಹೇಳು. ಎಲ್ರೂ ಕೇಳ್ಲಿ."

"ಇಲ್ಲಿ ಹೇಳಕ್ಕಾಗಲ್ಲ."

ಆ ಮಾತು ಪುಟ್ಟಕ್ಕನನ್ನು ಸುಟ್ಟಿತು. ಪುಟ್ಟಕ್ಕ ಫೋನನ್ನು ಕೈಯಿಂದ ಕೈಗೆ ದಾಟಿಸಿದಳು. ಕೊರಟಗೆರೆಯಲ್ಲೇ ಮಧುಶ್ರೀ ಆ ಚಿತ್ರವನ್ನು ಫೋನಿನಲ್ಲಿ ಹಿಡಿದಿಟ್ಟಿದ್ದಳು. ಹೆಂಗಸರು ಕಣ್ಣು ಕಿರಿದು ಮಾಡಿ ನೋಡಿದರು. ಗಂಟು ಹೌದು. ಸೆರಗು ಮುಚ್ಚಿದ್ದೂ ಹೌದು. ಕಪ್ಪಗಿರುವುದು ಹುಣಸೆಹಣ್ಣಲ್ಲದೆ ಇನ್ನೇನು ಎಂದಳು ಒಬ್ಬಳು.

"ಅಂಗಾದ್ರೆ ಮಾರಮ್ಮನ ಮುಂದೆ ಕರ್ಪೂರ ಆರಿಸು" ಎಂದುಬಿಟ್ಟಳು ಪುಟ್ಟಕ್ಕ.

ಆ ಕಡೆ ಅದು ಸಣ್ಣ ಮಾತಲ್ಲ. ಉರಿಯುವ ಕರ್ಪೂರವನ್ನು ಅಂಗೈಯಿಂದ ಆರಿಸಿ ತಪ್ಪು ಮಾಡಿಲ್ಲವೆಂದು ಹೇಳಿದರೆ ಇಬ್ಬರ ನಡುವೆ ಆಣೆ ಬಿದ್ದಂತೆ. ಆಮೇಲೆ ಒಬ್ಬರ ಮನೆಯ ನೀರು ಇನ್ನೊಬ್ಬರು ಕುಡಿಯುವಂತಿಲ್ಲ, ನೇರವಾಗಿ ಮಾತಾಡುವಂತಿಲ್ಲ. ಇಬ್ಬರೂ ಒಟ್ಟಿಗೆ ಅದೇ ಗುಡಿಗೆ ಹೋಗಿ ಆಣೆ ಬಿಡಿಸಿಕೊಳ್ಳುವ ತನಕ ಹಾಗೆಯೇ. ಎಷ್ಟೋ ಮನೆಗಳಲ್ಲಿ ಆಣೆ ಬಿಡಿಸದೆಯೇ ಜನ ಸತ್ತಿದ್ದಾರೆ.

ಮಂಜಮ್ಮ ತನ್ನ ಕಬ್ಬಿಣದ ತುಂಡನ್ನು ಕಲ್ಲಿನ ಮೇಲಿಟ್ಟು ಎದ್ದಳು. ಗುಡಿಯಲ್ಲಿ ಪೂಜಾರಿ ನಾಗಲಿಂಗಯ್ಯ "ಬ್ಯಾಡ ಕಣ್ರಮ್ಮ, ಒಂದು ರಾತ್ರಿ ಮಲಗಿ ಎದ್ದು ನೋಡಿ" ಎಂದ. ಇಬ್ಬರೂ ಕೇಳಲಿಲ್ಲ. ಮಂಜಮ್ಮ ಕರ್ಪೂರದ ಮೇಲೆ ಅಂಗೈ ಇಟ್ಟು, "ಇವ್ಳ ಮನೇದು ನಾನು ಕದ್ದಿಲ್ಲ" ಎಂದಷ್ಟೇ ಹೇಳಿ, ಹಿಂತಿರುಗಿ ನೋಡದೆ ಮನೆಗೆ ಹೋದಳು. ಕಬ್ಬಿಣದ ತುಂಡು ತೆಗೆದುಕೊಳ್ಳಲೂ ಬರಲಿಲ್ಲ.

ಎರಡು ದಿನದ ಮೇಲೆ ಪುಟ್ಟಕ್ಕ ಚೀಲಗಳ ಹಿಂದೆ ನೋಡಿದಳು. ಕೊರಟಗೆರೆಗೆ ಹೋಗುವಾಗ ಬಿಟ್ಟ ಸೀರೆ ಮಡಚಿ ಇಟ್ಟಿತ್ತು. ಲೋಹಿತಾ ಪುಣ್ಯವಂತೆ ಎಂದುಕೊಂಡಳು. ಆದರೆ ಅದೇ ಕೊನೆ. ಆಮೇಲೆ ಇಟ್ಟ ಸೀರೆಗಳು ಇಟ್ಟ ಹಾಗೇ ಬಿದ್ದಿದ್ದು ವಾಸನೆ ಹಿಡಿದವು. ಸೊಸೆಗೂ ಬೇಜಾರಾಗಿರಬೇಕು, ಎಷ್ಟು ದಿನ ಅಂತ ಒಗೆದಾಳು ಎಂದು ಪುಟ್ಟಕ್ಕ ತಾನೇ ಕದ್ದು ಒಗೆಯತೊಡಗಿದಳು.

ಯುಗಾದಿ ಹತ್ತಿರ ಬಂದಾಗ ಯಾರೋ ಟೆಂಪೋಗೆ ಗುದ್ದಿ ದೀಪ ಒಡೆದು ಹೋದರು. ಯಾರೆಂದು ನೋಡಲು ನರಸಿಂಹರಾಜು ಪ್ರಸನ್ನನನ್ನು ಕರೆಸಿ, ತಾನು ಲೋಡಿನ ಮೇಲೆ ಹೋದ. ಪ್ರಸನ್ನ ಪೆಟ್ಟಿಗೆಯಿಂದ ಟಿ.ವಿ.ಗೆ ಒಂದು ತಂತಿ ಎಳೆದ. ಲೋಹಿತಾ ಕೊಟ್ಟಿಗೆಯಲ್ಲಿದ್ದಳು. ಪುಟ್ಟಕ್ಕ ಒಬ್ಬಳೇ ಟಿ.ವಿ. ಮುಂದೆ ಕೂತಿದ್ದಳು.

ಅವಳಿಗೆ ಮೊದಲು ಅದು ತನ್ನ ಅಂಗಳ ಎಂದೇ ತಿಳಿಯಲಿಲ್ಲ. ಬೇವಿನ ಒಂದೊಂದು ಎಲೆ ಬೇರೆ ಬೇರೆಯಾಗಿ ಕಾಣುತ್ತಿತ್ತು. ಕಲ್ಲಿಗೆ ಮೆತ್ತಿದ ಹುಣಸೆಯ ಅಂಟು ಹೊಳೆಯುತ್ತಿತ್ತು. ಅಂಗಳದಲ್ಲಿ ನಡೆಯುವ ಮುದುಕಿಯ ಕತ್ತಿನ ಸುಕ್ಕು ನೋಡಿ, ಇವಳ್ಯಾರು ಎಂದು ಕೇಳುವಷ್ಟರಲ್ಲಿ ಅದು ತಾನೇ ಎಂದು ಗೊತ್ತಾಯಿತು.

"ಇದೇ ಕಣಮ್ಮ ನಾನು ಅವತ್ತು ಹೇಳಿದ ದೊಡ್ಡ ಚಿತ್ರ" ಎಂದ ಪ್ರಸನ್ನ.

ಪುಟ್ಟಕ್ಕ ಟಿ.ವಿ.ಗೆ ಇನ್ನಷ್ಟು ಹತ್ತಿರ ಸರಿದಳು. "ಹಿಂದಿಂದೂ ಇರ್ತದೇನಪ್ಪ ಇದ್ರಲ್ಲಿ?"

"ಒಂದು ತಿಂಗಳದು ಇರ್ತದೆ. ಆಮೇಲೆ ಹಳೇದನ್ನ ಒರೆಸ್ಕಂಡು ಹೊಸದು ಕೂತ್ಕತದೆ."

ಅವಳು ಕೊರಟಗೆರೆಗೆ ಹೋದ ದಿನ ಹೇಳಿದಳು. ಪ್ರಸನ್ನ ಹುಡುಕಿ, ಇನ್ನೂ ಉಳಿದಿದೆ ಎಂದ.

ಉಗ್ರಾಣದ ಬಾಗಿಲು. ಮಂಜಮ್ಮ ಹೊರಗೆ ಬಂದಳು. ಕಂಕುಳಲ್ಲಿದ್ದದ್ದು ಕಪ್ಪಲ್ಲ, ಹಸಿರು. ಒದ್ದೆಯಾದ ಕಡೆ ಕಪ್ಪಾಗಿದ್ದ ಹಸಿರು. ಸೆರಗು ಎಳೆಯುವ ಮುಂಚೆ ಗಂಟಿನಿಂದ ಒಂದು ಅಂಚು ಜಾರಿ ಇಳಿಬಿತ್ತು. ಸಾಸಿವೆ ಬಣ್ಣದ ಅಂಚು, ಅದರಲ್ಲಿ ಸಣ್ಣ ಚೌಕುಳಿ. ಓಬಳಯ್ಯ ಇದ್ದಾಗ ಸಿರಾದಲ್ಲಿ ಕೊಡಿಸಿದ ಸೀರೆ. ಮಂಜಮ್ಮ ಆ ಅಂಚನ್ನು ಬೆರಳಿನಿಂದ ಒಳಕ್ಕೆ ಸಿಕ್ಕಿಸಿ, ಯಾರಾದರೂ ಕಂಡರೇನೋ ಎಂದು ಆ ಕಡೆ ಈ ಕಡೆ ನೋಡಿದಳು.

"ಅದೇನೋ ಬಟ್ಟೆ ಅಲ್ವೇನಮ್ಮ" ಎಂದ ಪ್ರಸನ್ನ.

"ಆರಿಸಪ್ಪ" ಎಂದಳು ಪುಟ್ಟಕ್ಕ.

ಒಗೆದು ಮಡಚಿಟ್ಟವಳು ಲೋಹಿತಾ ಅಲ್ಲ. ಲೋಹಿತಾಳಿಗೆ ಏನೂ ಗೊತ್ತೇ ಇರಲಿಲ್ಲ. ಗೋಣಿಯ ಮೇಲೆ ಪಕ್ಕದಲ್ಲಿ ಕೂತವಳಿಗೇ ಗೊತ್ತಾಗಿದ್ದದ್ದು. ಆಣೆಯ ದಿನವೂ ಬೆಳಿಗ್ಗೆ ಕುಟ್ಟಲು ಕೂರುವ ಮುಂಚೆಯೇ ಒಗೆದ ಸೀರೆ ತಂದಿಟ್ಟಿದ್ದಳು. ಒಳಗೆ ಬಾ, ಹೇಳ್ತೀನಿ ಎಂದಿದ್ದಳು. ಆ ಒಂದು ಮಾತಿಗೆ ಒಳಗೆ ಹೋಗಿದ್ದರೆ ಸಾಕಿತ್ತು.

ಅಂದೇ ಹೋಗಿ ಕಾಲು ಹಿಡಿಯಬೇಕಿತ್ತು. ಆದರೆ ಎಲ್ಲರ ಮುಂದೆ ಇಟ್ಟ ಆಣೆಯನ್ನು ಎಲ್ಲರ ಮುಂದೆಯೇ ಬಿಡಿಸಬೇಕು. ಗಂಟಲ್ಲಿ ಏನಿತ್ತು ಎಂದು ಕೇಳುತ್ತಾರೆ. ಏನು ಹೇಳುವುದು? ನಾಳೆ ಹೋಗುತ್ತೇನೆ ಎಂದುಕೊಂಡಳು. ಯುಗಾದಿ ಮುಗಿಯಲಿ ಎಂದುಕೊಂಡಳು. ಹಬ್ಬ ಮುಗಿಯುವಷ್ಟರಲ್ಲಿ ಮಂಜಮ್ಮನ ಮನೆಗೆ ಬೀಗ ಬಿದ್ದಿತ್ತು. ಕಳ್ಳಿ ಎಂದು ಹೆಸರಾದವಳನ್ನು ಕುಟ್ಟಲು ಯಾವ ಅಂಗಳದವರೂ ಕರೆಯಲಿಲ್ಲವಂತೆ. ಪಾವಗಡದ ಬಲಸಮುದ್ರದಲ್ಲಿ ಮಗಳು ಭುವನಾ ಇದ್ದಾಳೆ. ಸೋಲಾರ್ ಗಾಜುಗಳ ಕೆಳಗೆ ಹುಲ್ಲು ಕೀಳುವ ಕೆಲಸಕ್ಕೆ ಅಲ್ಲಿಗೆ ಹೋದಳಂತೆ.

ಪುಟ್ಟಕ್ಕ ಮನೆಯಲ್ಲಿ ದೇವರ ಕೆಲಸ ಎಂದು ಹೇಳಿ ಒಬ್ಬಳೇ ಬಸ್ಸು ಹತ್ತಿದಳು. ಸೊಂಟಕ್ಕೆ ಹಳೆಯ ಬಟ್ಟೆ ಕಟ್ಟಿಕೊಂಡು, ದಾರಿಯುದ್ದಕ್ಕೂ ಒಂದು ಗುಟುಕು ನೀರು ಕುಡಿಯದೆ ಹೋದಳು. ಬಲಸಮುದ್ರದಲ್ಲಿ ಭುವನಾಳ ಅತ್ತೆ ಬಾಗಿಲಲ್ಲಿ ನಿಂತು, "ರಾ ಅಮ್ಮಾ, ಎಂಡಲೋ ವಚ್ಚಿನಾವು, ಕೂಸೋ" ಎಂದು ತೆಲುಗಿನಲ್ಲಿ, ಬಿಸಿಲಲ್ಲಿ ಬಂದವಳನ್ನು ಕೂರಲು ಕರೆದು ನೀರು ತರಲು ಹೋದಳು. ಭುವನಾ ಅತ್ತೆಯ ಕೈ ತಡೆದಳು. ಆಣೆಯಿರುವವರಿಗೆ ನೀರು ಕೊಡುವಂತಿಲ್ಲ.

ಮಂಜಮ್ಮ ಬಿಸಿಲಿಗೆ ಕರಕಾಗಿದ್ದಳು. ಪುಟ್ಟಕ್ಕನ ಕಡೆ ನೋಡದೆ ಮಗಳಿಗೆ ಹೇಳಿದಳು, "ಕೇಳು ಭುವನಾ, ಯಾಕೆ ಬಂದವ್ಳೆ ಅಂತ."

"ದೊಡ್ಡ ಚಿತ್ರದಲ್ಲಿ ನೋಡ್ದೆ ಅಂತ ಹೇಳಮ್ಮ ನಿಮ್ಮವ್ವಂಗೆ" ಎಂದಳು ಪುಟ್ಟಕ್ಕ. "ಅಂಚು ಕಂಡೆ ಅಂತ ಹೇಳು."

 ಮಂಜಮ್ಮ ಕೇಳಿದ ಮೊದಲ ಮಾತು, "ಇನ್ಯಾರು ನೋಡಿದ್ರು ಅಂತ ಕೇಳು."

"ಕ್ಯಾಮೆರಾ ಹುಡುಗ. ಅವನಿಗೆ ತಿಳೀಲಿಲ್ಲ. ನಾನೊಬ್ಳೆ."

"ಸರಿ ಬುಡು ಅನ್ನು. ಮಂಗಳವಾರ ಬತ್ತೀನಿ. ತಾಯಿ ಮುಂದೆ ಇಟ್ಟ ಆಣೆ, ಅವಳಿಗೆ ತೀರಿಸ್ಬೇಕು."

ಮಂಗಳವಾರ ಗುಡಿಯ ಮುಂದೆ ಅಂಗಳದ ಹೆಂಗಸರೆಲ್ಲ ಬಂದಿದ್ದರು. ಲೋಹಿತಾಳೂ ಬಂದಿದ್ದಳು. ನಾಗಲಿಂಗಯ್ಯ ಇಬ್ಬರ ಕೈಗೂ ಅರಿಸಿನದ ನೀರು ಹಾಕಿದ. ಪುಟ್ಟಕ್ಕ, "ತಪ್ಪು ನಂದು. ಇವ್ಳು ಕದ್ದಿಲ್ಲ. ನಾನು ಸರಿಯಾಗಿ ನೋಡ್ದೆ ಆಣೆ ಇಟ್ಟೆ" ಎಂದಳು. ಅಷ್ಟಕ್ಕೆ ಮುಗಿಯಬೇಕಿತ್ತು.

"ಅಂಗಾದ್ರೆ ಗಂಟಲ್ಲಿ ಏನಿತ್ತೇ?" ಎಂದು ಹಿಂದಿನಿಂದ ಒಬ್ಬಳು ಕೇಳಿದಳು.

ಪುಟ್ಟಕ್ಕ ಬಾಯಿ ತೆರೆದಳು. ಬಲಸಮುದ್ರದ ಬಸ್ಸಿನಲ್ಲಿ ಕೂತಾಗ ಹೇಳಬೇಕೆಂದು ಗಟ್ಟಿ ಮಾಡಿಕೊಂಡ ಮಾತು ನಾಲಿಗೆಯ ಮೇಲೆಯೇ ಇತ್ತು. ಸೊಸೆಯ ಮುಖ ಕಣ್ಣಿಗೆ ಬಿತ್ತು. ಒಂದು ಉಸಿರು ತಡವಾಯಿತು.

"ನಂದೇ ಹಳೇ ಬಟ್ಟೆ" ಎಂದಳು ಮಂಜಮ್ಮ. "ಮುಟ್ಟಿನ ಕಾಲದ್ದಲ್ಲ, ಮುದುಕಿ ಬಟ್ಟೆ. ತೊಯ್ಸ್ಕಂಡಿದ್ದೆ. ನಿಮ್ಮೆಲ್ಲರ ಮುಂದೆ ಹೆಂಗೆ ಹೇಳ್ಲಿ?"

ಹೆಂಗಸರು ನೆಲ ನೋಡಿದರು. ಯಾರೋ ಕಿಸಕ್ಕೆಂದು ನಕ್ಕು ಬಾಯಿ ಮುಚ್ಚಿಕೊಂಡರು. ಪುಟ್ಟಕ್ಕ ತೆರೆದ ಬಾಯನ್ನು ಮುಚ್ಚಿದಳು. ಇಬ್ಬರೂ ಒಂದೇ ಚೆಂಬಿನಲ್ಲಿ ನೀರು ಕುಡಿದರು. ಚೆಂಬು ಕೈ ಬದಲಾಗುವಾಗ ಮಂಜಮ್ಮ ಮೆಲ್ಲಗೆ, "ಡಾಕ್ಟ್ರ ಹತ್ರ ಹೋಗು ಅಕ್ಕ" ಎಂದಳು. ಆಮೇಲೆ ಪಾವಗಡದ ಬಸ್ಸಿಗೆ ಹೊತ್ತಾಯಿತೆಂದು ಎದ್ದಳು.

"ಸುಗ್ಗಿಗೆ ಬತ್ತೀಯ ಮಂಜಿ?" ಎಂದು ಪುಟ್ಟಕ್ಕ ದಾರಿಯ ತನಕ ಹೋಗಿ ಕೇಳಿದಳು.

"ಅಲ್ಲಿ ಯಾರೂ ನನ್ನ ನೋಡಲ್ಲ ಕಣಕ್ಕ. ಅದೇ ಚೆಂದಾಗದೆ."

ಮರುವರ್ಷ ಸಂಕ್ರಾಂತಿ ಬಂತು, ಹೋಯಿತು. ಬೇವಿನ ಬುಡದ ಕಲ್ಲಿನ ಮೇಲೆ ಕಬ್ಬಿಣದ ತುಂಡು ತುಕ್ಕು ಹಿಡಿದು ಬಿದ್ದಿತ್ತು. ಪ್ರಸನ್ನ ಬಂದಾಗ ಪುಟ್ಟಕ್ಕ ಆ ದಿನದ ಚಿತ್ರ ಇನ್ನೂ ಇದೆಯೇ ಎಂದು ಕೇಳಿದಳು. ಅದು ಎಂದೋ ಒರೆಸಿ ಹೋಯಿತಮ್ಮ ಎಂದ ಅವನು. ಒರೆಸಿ ಹೋಯಿತೆಂದು ಕೇಳಿದರೆ ಮನಸ್ಸು ಹಗುರವಾದೀತು ಎಂದುಕೊಂಡಿದ್ದಳು. ಆಗಲಿಲ್ಲ. ಫೋನಿಗೆ ದೊಡ್ಡ ಚಿತ್ರವನ್ನೇ ಬಿಡು ಎಂದಳು. ಸುತ್ತುತದೆ ಎಂದ. ಸುತ್ತಲಿ, ಕಾಯುತ್ತೇನೆ ಎಂದಳು.

ಮಾರನೆಯ ಬೆಳಿಗ್ಗೆ ತೊಯ್ದ ಸೀರೆಯನ್ನು ಅವಳು ಚೀಲಗಳ ಹಿಂದೆ ಇಡಲಿಲ್ಲ. ನಲ್ಲಿಯ ಹತ್ತಿರ ಒಗೆದು ತಂದು, ಅಂಗಳದಲ್ಲಿ ಬೇವಿನ ಮರದಿಂದ ಉಗ್ರಾಣದ ಕಂಬಕ್ಕೆ ಕಟ್ಟಿದ ಹಗ್ಗದ ಮೇಲೆ, ಎಲ್ಲರ ತಲೆಯ ಮೇಲೆ, ಕ್ಯಾಮೆರಾದ ಎದುರಿಗೆ ಹರವಿದಳು. ಹಸಿರು ಸೀರೆ, ಸಾಸಿವೆ ಅಂಚು.

"ಏನ್ ಪುಟ್ಟಕ್ಕ, ಆಗ್ಲೇ ಒಂದು, ಈಗೊಂದು. ಹೊಸ ಮದುವಣಗಿತ್ತಿಯಂಗೆ ದಿನಕ್ಕೆರಡು ಸೀರೆ ಉಡ್ತೀಯ?" ಎಂದು ಹಣ್ಣು ಕುಟ್ಟುತ್ತಿದ್ದವಳೊಬ್ಬಳು ಕೆಣಕಿದಳು. ಹೋದ ವರ್ಷ ಗುಡಿಯಲ್ಲಿ ಗಂಟಿನ ಮಾತು ಕೇಳಿದವಳೂ ಅವಳೇ.

"ತೊಯ್ತವೆ ಕಣೆ" ಎಂದಳು ಪುಟ್ಟಕ್ಕ. "ಹೋದ ವರ್ಷದಿಂದ ಅಲ್ಲ, ಅದಕ್ಕೂ ಮುಂಚಿನಿಂದ. ಮಂಜಿ ಒಗೆದು ತಂದಿಕ್ತಿದ್ಳು."

ಬಾಗಿಲಲ್ಲಿ ಲೋಹಿತಾ ಕಾಫಿಯ ತಟ್ಟೆ ಹಿಡಿದು ನಿಂತಿದ್ದಳು. ಯಾರೂ ನಗಲಿಲ್ಲ. ಕೆಣಕಿದವಳು ತಲೆಯ ಮೇಲಿನ ಸೀರೆಯ ಅಂಚನ್ನು ನೋಡಿದಳು, ಆಮೇಲೆ ಬೇವಿನ ಬುಡದ ಕಲ್ಲನ್ನು ನೋಡಿದಳು. ಕುಟ್ಟುವ ಸದ್ದು ಮತ್ತೆ ಶುರುವಾಗಲು ಬಹಳ ಹೊತ್ತು ಹಿಡಿಯಿತು. ಶುರುವಾದಾಗ ಪುಟ್ಟಕ್ಕ ಕಿವಿಗೊಟ್ಟು ಕೇಳಿದಳು. ಒಂದು ಬಿರುಸು, ಒಂದು ಮೆತ್ತಗೆ. ನಡುವಿನದು ಇರಲಿಲ್ಲ.